ಹನೂರಿನ ಸೊರಮೀನಿಗೆ ನಾವು ಬರೆದ ತಪ್ಪು ವರದಿ

ನಾನು ದುಡಿದ ಕರಾವಳಿಯ ಸಾಗರ ಸಂಶೋಧನಾಲಯವು ಈಚೆಗೆ ತನ್ನ ಸಾಧನೆಗಳನ್ನು ಕುರಿತು ಹೊಳಪು ಕಾಗದದ ಪುಸ್ತಕವೊಂದನ್ನು ಹೊರತಂದಿದೆ. ನಿವೃತ್ತರಿಗೂ ಒಂದೊಂದು ಪ್ರತಿ ಅಂಚೆಯಲ್ಲಿ ಬಂತು. ಡಿಎನ್‌ಎ ವಿಭಾಗಕ್ಕೆ ಮೀಸಲಾದ ಪುಟಗಳನ್ನು ಕೊಳ್ಳೇಗಾಲದ ನನ್ನ ಮನೆಯ ಜಗಲಿಯಲ್ಲಿ ಕುಳಿತು ಮೂರು ಸಲ ಓದಿದೆ. ಹೊಸ ಯಂತ್ರ ಬಂತು, ಯಂತ್ರದೊಂದಿಗೆ ನಿಖರತೆ ಬಂತು, ಅಲ್ಲಿಂದಾಚೆಗೆ ನಮ್ಮ ವರದಿಗಳನ್ನು ಎಲ್ಲರೂ ನಂಬತೊಡಗಿದರು ಎಂಬುದು ಆ ಪುಟಗಳ ಸಾರ. ಇದನ್ನು ನಾನು ಒಪ್ಪುವುದಿಲ್ಲ. ಯಂತ್ರ ಬಂದದ್ದು ನಿಜ. ಅದರ ಮರದ ಪೆಟ್ಟಿಗೆಯ ಮೊಳೆಗಳನ್ನು ಕಿತ್ತವನು ನಾನೇ. ನಿಖರತೆ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ಈ ಬರವಣಿಗೆಗೆ ಕಾರಣ ಯಳಂದೂರು ತಾಲ್ಲೂಕು ಹೊನ್ನೂರಿನ ಚೈತ್ರ. ಬಿ.ಎಸ್ಸಿ. ಮುಗಿಸಿದ ಈ ಹುಡುಗಿಗೆ ಅದೇ ಸಂಶೋಧನಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿದೆ. ಹೊರಡುವ ಮೊದಲು ನನ್ನನ್ನು ಹುಡುಕಿಕೊಂಡು ಬಸ್ಸಿನಲ್ಲಿ ಬಂದಿದ್ದಳು.

"ತಾತ, ಅಲ್ಲಿ ಕೆಲ್ಸ ಎಂಗಿರ್ತದೆ? ಎಲ್ಲಾನೂ ಮಿಷಿನ್ನೇ ಮಾಡ್ತದಂತಲ್ಲ?"

"ಎಲ್ಲಾನೂ ಮಿಷಿನ್ನೇ ಮಾಡೋದಾದ್ರೆ ನಿನ್ನ ಯಾಕವ್ವ ಕರೀತಾರೆ?"

ಅವಳು ನಕ್ಕಳು. ಆದರೆ ನಾನು ಕೊಟ್ಟದ್ದು ಪೂರ್ಣ ಉತ್ತರವಲ್ಲ ಎಂದು ಅವಳು ಹೋದ ಮೇಲೆ ಅನ್ನಿಸಿತು. ಪೂರ್ಣ ಉತ್ತರ ಇದು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಹುದ್ದೆಯಿಂದ ಯಾವ ಹುದ್ದೆಗೆ ಹೋದೆ ಎಂಬುದನ್ನು ಬರೆಯುವುದಿಲ್ಲ. ಅದು ಸೇವಾ ಪುಸ್ತಕದಲ್ಲಿದೆ, ಅಲ್ಲಿಯೇ ಇರಲಿ.

ನಾನು ಹುಟ್ಟಿದ್ದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ಅಪ್ಪ ಇನ್ನೊಬ್ಬರ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಹತ್ತನೆಯ ತರಗತಿಯಾದ ಮೇಲೆ ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿ, ಸಮುದ್ರವನ್ನೇ ಕಾಣದವನು ಸಾಗರ ಸಂಶೋಧನಾಲಯದಲ್ಲಿ ಅಟೆಂಡರನಾದೆ. ಗಾಜಿನ ಪಾತ್ರೆ ತೊಳೆಯುವುದು, ದೋಣಿಗಳಿಂದ ಬಂದ ಮೀನನ್ನು ಒಳಗೆ ಸಾಗಿಸುವುದು ನನ್ನ ಕೆಲಸ. ವಿಜ್ಞಾನಿಗಳು ರದ್ದಿಗೆ ಹಾಕಿದ ಕೈಪಿಡಿಗಳನ್ನು ಎತ್ತಿಟ್ಟುಕೊಂಡು, ಇಂಗ್ಲಿಷ್-ಕನ್ನಡ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೆ. ಅರ್ಥವಾಗದ್ದನ್ನು ಕೆಂಪು ಶಾಯಿಯಲ್ಲಿ ಬರೆದು ಯಾರಾದರೂ ಬಿಡುವಾಗಿ ಕಂಡಾಗ ಕೇಳುತ್ತಿದ್ದೆ. ಹೀಗೆ ಹಲವು ವರ್ಷ ಕಳೆದ ಮೇಲೆ ನನ್ನನ್ನು ಪ್ರಯೋಗದ ಮೇಜಿಗೆ ಬಿಟ್ಟರು.

ನನ್ನ ಬೀಳ್ಕೊಡುಗೆಯ ದಿನ ನಿರ್ದೇಶಕರು, ನೇಕಾರರ ಮಗನಾದ ರಂಗಸ್ವಾಮಿಗೆ ನೂಲಿನ ಎಳೆ ಎಣಿಸುವ ಕಣ್ಣು ರಕ್ತದಲ್ಲೇ ಬಂದಿತ್ತು, ಆದ್ದರಿಂದ ಡಿಎನ್‌ಎಯ ಎಳೆಯೂ ಒಲಿಯಿತು ಎಂದರು. ಸಭೆ ಚಪ್ಪಾಳೆ ತಟ್ಟಿತು. ಭಾಷಣಕ್ಕೆ ಅದು ಚೆಂದ, ಆದರೆ ಸುಳ್ಳು. ಮಗ್ಗದ ಮುಂದೆ ನಾನು ದಡ್ಡನಾಗಿದ್ದೆ. ಎಳೆ ಕಡಿದುದನ್ನು ನೋಡದೆ ನೇಯುತ್ತಾ ಹೋದೆನೆಂದು ಅಪ್ಪ ಎರಡು ಸಲ ಎಬ್ಬಿಸಿ ಆಚೆ ಕಳಿಸಿದ್ದರು. ನಾನು ಕಲಿತದ್ದೆಲ್ಲ ಓದಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು. ರಕ್ತಕ್ಕೆ ಅದರಲ್ಲಿ ಪಾಲಿಲ್ಲ.

ಕೆಲಸವನ್ನು ಸ್ಥೂಲವಾಗಿ ಹೇಳುತ್ತೇನೆ. ಮೀನಿನ ಸಣ್ಣ ತುಣುಕಿನಿಂದ ಡಿಎನ್‌ಎ ತೆಗೆಯಬೇಕು. ಅದರಲ್ಲಿ ಗೊತ್ತುಮಾಡಿದ ಒಂದು ಭಾಗವನ್ನು ಮಾತ್ರ ಲಕ್ಷಾಂತರ ನಕಲು ಮಾಡಬೇಕು. ಆ ನಕಲುಗಳಲ್ಲಿರುವ ಅಕ್ಷರಗಳನ್ನು ಸಾಲಾಗಿ ಓದುವುದೇ ಸೀಕ್ವೆನ್ಸಿಂಗ್. ಅಕ್ಷರಗಳು ನಾಲ್ಕೇ, ಸಾಲು ಮಾತ್ರ ಮೀನಿನಿಂದ ಮೀನಿಗೆ ಬೇರೆ. ಸಾಲನ್ನು ಓದಿದರೆ, ತಲೆ ಬಾಲ ಕತ್ತರಿಸಿದ, ಒಣಗಿಸಿದ, ಪುಡಿ ಮಾಡಿದ ಮೀನಾದರೂ ಯಾವ ಜಾತಿಯದೆಂದು ಹೇಳಬಹುದು. ಹೇಳಬಹುದು ಎಂದೆ, ಹೇಳಿದ್ದೆಲ್ಲ ಸರಿಯಿರುತ್ತದೆ ಎನ್ನಲಿಲ್ಲ.

ಆರಂಭದಲ್ಲಿ ನಮ್ಮಲ್ಲಿ ಯಂತ್ರವಿರಲಿಲ್ಲ. ನಕಲುಗಳನ್ನು ಐಸ್ ತುಂಬಿದ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ದೂರದ ನಗರಕ್ಕೆ ಕೊರಿಯರ್ ಮಾಡುತ್ತಿದ್ದೆವು. ಹೆಚ್ಚಿನವು ಓದಲು ಬರುತ್ತಿಲ್ಲವೆಂದು ಉತ್ತರ ಬರುತ್ತಿತ್ತು. ಕರಾವಳಿಯ ಸೆಕೆ, ಮೀನುಗಾರರ ಅಜಾಗರೂಕತೆ ಎಂದು ಟಿಪ್ಪಣಿ ಬರೆದು ಕಡತ ಮುಚ್ಚುತ್ತಿದ್ದರು. ಮೀನುಗಾರರನ್ನು ಕೇಳಿದವರು ಯಾರೂ ಇರಲಿಲ್ಲ. ಒಂದು ಬೆಳಿಗ್ಗೆ ಬಂದರಿಗೆ ಹೋಗಿ ನೋಡಿದೆ. ನಾವು ಕೊಟ್ಟ ಸ್ಪಿರಿಟ್ ಬಾಟಲಿಯಲ್ಲಿ ಮೀನಿನ ತುಂಡುಗಳನ್ನು ಕುತ್ತಿಗೆಯವರೆಗೆ ಒತ್ತಿ ತುಂಬಿದ್ದರು. ನಡುವಿನ ತುಂಡುಗಳಿಗೆ ಸ್ಪಿರಿಟ್ ತಾಗದೆ ಕೊಳೆತಿದ್ದವು.

"ಹೀಗೆ ತುಂಬಬಾರದಲ್ಲ" ಎಂದೆ.

ದೋಣಿಯವನು ಬಲೆಯಿಂದ ತಲೆಯೆತ್ತಲಿಲ್ಲ. "ನೀವು ಕೊಟ್ಟ ಬಾಟ್ಲಿ ಒಂದು, ಕೇಳಿದ ಮೀನು ಇಪ್ಪತ್ತು. ನಾನು ತುಂಬಿಸದೆ ಎಂತ ಮಾಡುದು ಮಾರಾಯ್ರೆ, ತಲೆ ಮೇಲೆ ಇಟ್ಕೊಂಡು ಬರ್ಲಾ?"

ತುಣುಕು ಚಿಕ್ಕದಿರಲಿ, ಮೀನಿಗೊಂದು ಪುಟ್ಟ ಬಾಟಲಿ ಇರಲಿ ಎಂದು ಮಾಡಿದ ಮೇಲೆ ಓದು ಬರತೊಡಗಿತು. ಆ ವರ್ಷದ ವಾರ್ಷಿಕ ವರದಿಯಲ್ಲಿ ಇದಕ್ಕೆ ಕಾರಣ ಕೊರಿಯರ್ ಸೇವೆಯ ಸುಧಾರಣೆ ಎಂದು ಅಚ್ಚಾಗಿತ್ತು. ಸಂಸ್ಥೆಗಳು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು ನಂಬುವ ಅಭ್ಯಾಸ ನನಗೆ ತಪ್ಪಿದ್ದು ಅಂದಿನಿಂದ.

ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಒಮ್ಮೆ ಹದಿನೈದು ದಿನ ನಾವು ಕಳಿಸಿದ ಮೀನೆಲ್ಲ ಬಂಗುಡೆ ಎಂದೇ ಉತ್ತರ ಬಂತು. ಸಿಗಡಿಯೂ ಬಂಗುಡೆ, ಮಾಂಜಿಯೂ ಬಂಗುಡೆ. ನಮ್ಮ ವಿಭಾಗದ ವಿಜ್ಞಾನಿ ವಸುಧಾ ಮೇಡಂ, "ರಂಗಸ್ವಾಮಿ, ಸಮುದ್ರದಲ್ಲಿ ಬೇರೆ ಮೀನು ಮುಗಿದುಹೋಯ್ತಾ ಎಂತ?" ಎಂದು ಕೇಳಿದರು. ನಾನು ದೋಣಿಯವರನ್ನು ಬೈದೆ, ನಗರದ ಕಂಪನಿಯನ್ನು ಬೈದೆ. ಕೊನೆಗೆ ಮೇಡಂ ಒಂದು ನಳಿಕೆಗೆ ಮೀನನ್ನೇ ಹಾಕದೆ ಬರಿಯ ನೀರು ಹಾಕಿ ಕಳಿಸಿ ಎಂದರು. ಆ ನೀರೂ ಬಂಗುಡೆಯಾಗಿ ಬಂತು. ಎಲ್ಲ ಪರೀಕ್ಷೆಗೂ ಒಂದೇ ಬಾಟಲಿಯ ನೀರು ಬಳಸುತ್ತಿದ್ದೆ. ಅದರೊಳಕ್ಕೆ ಒಮ್ಮೆ, ಬಂಗುಡೆಯ ಡಿಎನ್‌ಎ ಮುಟ್ಟಿದ, ಹನಿ ಎಳೆಯುವ ಪಿಪೆಟ್ಟಿನ ತುದಿಯನ್ನೇ ಅದ್ದಿದ್ದೆ. ಹದಿನೈದು ದಿನದ ಕೆಲಸ ಚರಂಡಿ ಸೇರಿತು. ಖಾಲಿ ನಳಿಕೆಯಿಲ್ಲದೆ ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲವೆಂಬ ಹಟ ನನಗೆ ಹಿಡಿದದ್ದು ಆಗ. ಅದನ್ನು ಕಲಿಸಿದವರು ವಸುಧಾ ಮೇಡಂ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ, ಏಕೆಂದರೆ ಮುಂದೆ ಅವರೊಂದಿಗೆ ನಾನು ಮಾಡಿದ ಜಗಳವನ್ನೂ ಬರೆಯಬೇಕಾಗಿದೆ.

ಆಮೇಲೆ ಬಂತು ನಮ್ಮದೇ ಯಂತ್ರ. ಉದ್ಘಾಟನೆಗೆ ಹೂವಿನ ಹಾರ, ಟೇಪು, ಫೋಟೊ. ಎರಡೇ ತಿಂಗಳಲ್ಲಿ ಅದು ಪ್ರತಿ ಸೋಮವಾರ ಕೆಟ್ಟ ಓದು ಕೊಡತೊಡಗಿತು, ಗುರುವಾರದ ಹೊತ್ತಿಗೆ ಸರಿಹೋಗುತ್ತಿತ್ತು. ರಾಸಾಯನಿಕ ಕಳಪೆ ಎಂದು ಕಂಪನಿಗೆ ಕಾಗದ ಬರೆದರು. ಭಾನುವಾರ ಹೋಗಿ ನೋಡಿದರೆ ಯಂತ್ರದ ಕೋಣೆ ಒಲೆಯಂತೆ ಕಾದಿತ್ತು. ರಜಾ ದಿನ ಎಲ್ಲ ಕೋಣೆಗಳ ಎಸಿ ಆರಿಸಬೇಕೆಂದು ಕಚೇರಿಯ ಸುತ್ತೋಲೆಯಿತ್ತು. ಕಾವಲುಗಾರ ನಿಯತ್ತಿನಿಂದ ಆರಿಸುತ್ತಿದ್ದ. ಸೆಕೆಗೆ ಯಂತ್ರದೊಳಗಿನ ದ್ರವ ಕೆಡುತ್ತಿತ್ತು, ವಾರದ ನಡುವೆ ಹೊಸದು ತುಂಬಿದಾಗ ಓದು ಸರಿಹೋಗುತ್ತಿತ್ತು. ಸುತ್ತೋಲೆ ಬದಲಿಸಲು ಯಂತ್ರ ತರಿಸಿದ್ದಕ್ಕಿಂತ ಹೆಚ್ಚು ಪತ್ರ ಬರೆಯಬೇಕಾಯಿತು.

ಹೀಗೆ ಯಂತ್ರ ಒಂದು ಹದಕ್ಕೆ ಬಂದು, ಹೊರಗಿನ ಇಲಾಖೆಗಳೂ ನಮಗೆ ಮೀನು ಕಳಿಸಿ ವರದಿ ಪಡೆಯತೊಡಗಿದ ಕಾಲದಲ್ಲಿ ನಡೆದದ್ದು ಹನೂರಿನ ಪ್ರಸಂಗ. ನನ್ನ ನಿವೃತ್ತಿಗೆ ಆಗ ಒಂದು ವರ್ಷವೂ ಉಳಿದಿರಲಿಲ್ಲ.

ನನ್ನ ಅಕ್ಕ ಪುಟ್ಟತಾಯಮ್ಮನನ್ನು ಹನೂರಿಗೆ ಕೊಟ್ಟಿದೆ. ಒಂದು ಮಧ್ಯಾಹ್ನ ಫೋನು ಮಾಡಿದಳು.

"ಲೇ ರಂಗ, ನಿಮ್ಮ ಆಪೀಸ್ನೋರು ಅದೇನ್ಲಾ ಬರ್ದು ಕಳ್ಸಿರೋದು? ಒಣಮೀನಿನ ಮಾದಮ್ಮನ್ನ ಸಂತೇಲಿ ಕೂರಕ್ಕೆ ಬುಡ್ತಿಲ್ಲ ಕಣ್ಲಾ."

ನಡೆದದ್ದು ಇಷ್ಟು. ನಮ್ಮ ಕಡೆ ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಸೊರಮೀನು ಬೇಯಿಸಿ ಕೊಡುವುದು ರೂಢಿ. ಸೊರ ಎಂದರೆ ಶಾರ್ಕಿನ ಸಣ್ಣ ಜಾತಿ, ಹಿಡಿಯಬಾರದೆಂಬ ನಿಷೇಧಕ್ಕೆ ಒಳಪಡದ್ದು. ಕರಾವಳಿಯಿಂದ ಒಣಗಿಸಿದ ತುಂಡುಗಳಾಗಿ ಸಂತೆಗೆ ಬರುತ್ತದೆ. ಹನೂರಿನ ಸಂತೆಯಲ್ಲಿ ತಾಯಿಯ ಕಾಲದಿಂದ ಅದನ್ನು ಮಾರುತ್ತಿದ್ದವಳು ಮಾದಮ್ಮ. ಒಡೆಯರಪಾಳ್ಯದ ಕಡೆಯ ರೈತ ಶಿವಮಲ್ಲಪ್ಪ ತನ್ನ ಬಾಣಂತಿ ಮಗಳಿಗೆಂದು ಅವಳಿಂದ ಸೊರ ಕೊಂಡಿದ್ದ. ಮಗಳಿಗೆ ಹಾಲು ಸಾಲಲಿಲ್ಲ. ಮೀನೇ ಸುಳ್ಳಿರಬೇಕೆಂದು ಅನುಮಾನಪಟ್ಟು ದೂರು ಕೊಟ್ಟ. ಇಲಾಖೆಯ ಅಧಿಕಾರಿಯೊಬ್ಬರು ಸಂತೆಗೆ ಬಂದು ಮಾದಮ್ಮನಿಂದ ಒಂದು ಪೊಟ್ಟಣ ಸೊರ ಕೊಂಡು, ಆಹಾರ ಪರೀಕ್ಷೆಯ ಪದ್ಧತಿಯಂತೆ ಪೂರ್ತಿ ಅರೆಸಿ, ಪುಡಿಯ ಒಂದು ಭಾಗವನ್ನು ನಮಗೆ ಕಳಿಸಿದರು. ಪುಡಿಯಲ್ಲಿರುವುದು ಸೊರವಲ್ಲ, ನೆತ್ತಿಲಿ ಎಂದು ನಮ್ಮ ವರದಿ ಹೋಯಿತು. ನೆತ್ತಿಲಿ ಎಂದರೆ ಬೆರಳುದ್ದದ, ಎಲ್ಲಕ್ಕಿಂತ ಅಗ್ಗದ ಮೀನು. ಬಾಣಂತಿಯರಿಗೆ ಮೋಸ ಮಾಡಿದವಳೆಂದು ಸಂತೆಯ ಮುಖ್ಯಸ್ಥರು ಮಾದಮ್ಮನ ಜಾಗ ಬಿಡಿಸಿದರು. ಇಲಾಖೆಯ ವಿಚಾರಣೆ ಬಾಕಿಯಿತ್ತು. ಅದರಲ್ಲಿಯೂ ನಮ್ಮ ವರದಿ ನಿಂತರೆ ಆ ಜಾಗ ಖಾಯಮ್ಮಾಗಿ ಹೋದಂತೆಯೇ.

"ಅಕ್ಕ, ಪರೀಕ್ಷೆ ಮಾಡಿದ್ದು ನಾನಲ್ಲ" ಎಂದೆ.

"ನೀನಲ್ದಿದ್ರೆ ನಿಮ್ಮ ಪಕ್ದೋನು. ಲೇ, ನೆತ್ತಿಲಿಯ ಸೊರ ಅಂತ ಯಾವ ಕುಲ್ಡಿ ತಕತಾಳ್ಲಾ? ಅದು ಬೆಳ್ಳುದ್ದ, ಇದು ಅಲ್ಗೆ ಅಗ್ಲ."

ಆ ಆಕ್ಷೇಪ ವಿಜ್ಞಾನದ ಯಾವ ಪುಸ್ತಕದಲ್ಲೂ ಇಲ್ಲ. ವರದಿಯ ಮೂಲ ಗ್ರಾಫನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಪ್ರತಿ ಅಕ್ಷರಕ್ಕೂ ಒಂದು ಬಣ್ಣದ ಗುಡ್ಡ ಎದ್ದಿರುತ್ತದೆ. ಒಂದೇ ಮೀನಾಗಿದ್ದರೆ ಗುಡ್ಡಗಳ ಅಡಿಯಲ್ಲಿ ಸಮತಟ್ಟು. ಇಲ್ಲಿ ಎತ್ತರದ ಗುಡ್ಡಗಳ ಅಡಿಯಲ್ಲಿ ಉದ್ದಕ್ಕೂ ಇನ್ನೊಂದು ಸಾಲು ಕುಳ್ಳ ಗುಡ್ಡಗಳಿದ್ದವು. ಸಾಫ್ಟ್‌ವೇರು ಎತ್ತರದವನ್ನಷ್ಟೇ ಓದಿ, ಕುಳ್ಳವನ್ನು ಕಸವೆಂದು ತಳ್ಳಿ, ನೆತ್ತಿಲಿ ಎಂದು ಹೆಸರು ಕೊಟ್ಟಿತ್ತು. ನಾನು ಕುಳ್ಳ ಸಾಲನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿದೆ. ಅರ್ಧ ದಿನ ಹಿಡಿಯಿತು. ಅಲ್ಲಲ್ಲಿ ಹರಿದಿದ್ದರೂ ಅದು ಶಾರ್ಕಿನ ಸಾಲಿಗೆ ಹತ್ತಿರವಿತ್ತು.

ಕಾಗದ ಹಿಡಿದುಕೊಂಡು ವಸುಧಾ ಮೇಡಂ ಕೋಣೆಗೆ ಹೋದೆ. ವರದಿಗೆ ಸಹಿ ಹಾಕಿದವರು ಅವರು.

"ಸಾಫ್ಟ್‌ವೇರ್ ಪಾಸ್ ಮಾಡಿದೆ ಅಲ್ವಾ?" ಎಂದರು.

"ಮಾಡಿದೆ ಮೇಡಂ. ಅದಕ್ಕೆ ಎರಡು ಮೀನು ಇರಬಹುದು ಅಂತ ಯಾರೂ ಹೇಳಿಲ್ಲ."

"ಕುಳ್ಳ ಗುಡ್ಡ ಎಲ್ಲ ಗ್ರಾಫಿನಲ್ಲೂ ಉಂಟು. ಎಲ್ಲವನ್ನೂ ನಂಬುತ್ತಾ ಕೂತರೆ ಒಂದು ವರದಿಯೂ ಹೊರಗೆ ಹೋಗುದಿಲ್ಲ. ಆ ಹೆಂಗಸು ನಿಮ್ಮ ಊರಿನವಳಾ?"

"ನನ್ನ ಅಕ್ಕನ ಊರಿನವಳು."

"ಹಾಗಾದರೆ ನೀವು ಇದರಿಂದ ದೂರ ಇರುದು ಒಳ್ಳೇದು."

"ಊರಿನವನಾದ್ದರಿಂದ ಗ್ರಾಫ್ ತೆರೆದು ನೋಡಿದೆ. ಊರಿನವನಲ್ಲದಿದ್ದರೆ ಯಾರೂ ನೋಡುತ್ತಿರಲಿಲ್ಲ. ಇದರಲ್ಲಿ ಯಾವುದು ತಪ್ಪು ಹೇಳಿ ಮೇಡಂ."

ನಮಸ್ಕಾರ ಹೇಳದೆ ಹೊರಬಂದೆ. ಸಾಕಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರ ನಡುವೆ ಅದು ಸಣ್ಣ ಸಂಗತಿಯಲ್ಲ.

ರಜೆ ಹಾಕಿ ಹನೂರಿಗೆ ಹೋದೆ. ಅಕ್ಕ ನನ್ನನ್ನು ಮಾದಮ್ಮನ ಮನೆಗೆ ಕರೆದೊಯ್ದಳು. ಅರವತ್ತು ದಾಟಿದ, ಎಲೆಯಡಿಕೆ ಹಾಕುವ, ಗಟ್ಟಿ ದನಿಯ ಹೆಂಗಸು. ಬಾಗಿಲ ಪಕ್ಕದಲ್ಲಿ ಖಾಲಿ ಬಿದಿರ ಮಂಕರಿಗಳು ಬೋರಲು ಬಿದ್ದಿದ್ದವು. ನಾನು ಯಾರೆಂದು ಅಕ್ಕ ಹೇಳಿದೊಡನೆ ಅವಳು ಎದ್ದು ನಿಂತಳು. ಗೌರವಕ್ಕಲ್ಲ.

"ನೀವೇನಾ ಸಾ ಅದ ಬರ್ದೋರು? ಕೂತ್ಕಳಿ. ನನ್ನ ಮನೇಲಿ ಇರೋ ಸೊರ ತಂದು ಮುಂದೆ ಇಡ್ತೀನಿ, ನೆತ್ತಿಲಿ ಎಲ್ಲದೆ ಅಂತ ತೋರ್ಸಿ. ನಮ್ಮವ್ವ ಕೂತ ಜಾಗ ಅದು. ನನ್ನ ಬಾಣಂತಿತನ್ಕೂ ಅದೇ ಸೊರಾನೇ ತಿಂದಿದ್ದು."

"ಮಾದಮ್ಮ, ನಾ ಜಗಳಕ್ಕೆ ಬಂದಿಲ್ಲ. ಆ ಆಫೀಸರು ನಿಮ್ಮತ್ರ ಮೀನು ಹೇಗೆ ಕೊಂಡ್ರು, ಮೊದಲಿಂದ ಹೇಳಿ."

"ಎಂಗೆ ತಕಂಡ್ರು ಅಂದ್ರೆ? ಎಲ್ರೂ ತಕಳಂಗೆ ತಕಂಡ್ರು. ಸೊರ ಕೊಡಮ್ಮ ಅಂದ್ರು, ತೂಗ್ದೆ, ಪ್ಯಾಪರ್‌ಗೆ ಸುತ್ದೆ, ಕೊಟ್ಟೆ."

"ಹಂಗೆ ಬಾಯಲ್ಲಿ ಬೇಡ, ಮಾಡಿ ತೋರಿಸಿ."

ಅವಳು ಅಕ್ಕನ ಮುಖ ನೋಡಿದಳು. ಇವನಿಗೆ ತಲೆ ಸರಿಯಿದೆಯೇ ಎಂಬಂತೆ. ಆದರೂ ಒಳಗಿನಿಂದ ತಕ್ಕಡಿ, ಸೊರದ ತುಂಡು, ಇನ್ನೊಂದು ಚೀಲ ತಂದು ಕುಳಿತಳು. ತುಂಡುಗಳನ್ನು ತೂಗಿ ಕಾಗದದ ಮೇಲೆ ಸುರಿದಳು. ಕೈ ತಾನಾಗಿ ಪಕ್ಕದ ಚೀಲಕ್ಕೆ ಹೋಯಿತು. ಒಂದು ಹಿಡಿ ಏನನ್ನೋ ತೆಗೆದು ಮೇಲೆ ಹಾಕಿ, ಕಾಗದ ಮಡಿಸಿ ನನ್ನ ಮುಂದೆ ಚಾಚಿದಳು.

"ಮೇಲೆ ಹಾಕಿದ್ದು ಏನು?"

"ಕೊಸ್ರು."

"ಯಾವ ಮೀನು?"

"ನೆತ್ತಿಲಿ" ಎಂದಳು. ಚಾಚಿದ ಕೈ ಹಾಗೆಯೇ ನಿಂತಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ನಮ್ಮ ಸಂತೆಗಳಲ್ಲಿ ತೂಕವಾದ ಮೇಲೆ ಕೊಸರು ಹಾಕದೆ ಪೊಟ್ಟಣ ಕಟ್ಟುವುದು ಅವಮಾನ. ಗಿರಾಕಿಯನ್ನು ಬರಿಗೈಲಿ ಕಳಿಸಿದಂತೆ. ಒಣಮೀನಿನವರು ದುಬಾರಿ ಮೀನಿನ ಮೇಲೆ ಅಗ್ಗದ ಪುಡಿಮೀನನ್ನು ಕೊಸರು ಹಾಕುತ್ತಾರೆ. ಮನೆಯ ಹೆಂಗಸರು ಅದನ್ನು ಬೇರೆ ಆರಿಸಿ ಗೊಜ್ಜಿಗೆ ಹಾಕುತ್ತಾರೆ. ಇದು ನನಗೆ ಮಗುವಾಗಿದ್ದಾಗಿನಿಂದ ಗೊತ್ತಿದ್ದ ವಿಷಯ. ಕರಾವಳಿಯಲ್ಲಿ ಅಷ್ಟು ವರ್ಷ ಕಳೆದು ಮರೆತಿದ್ದೆ.

"ಆಫೀಸರಿಗೂ ಹಾಕಿದ್ರಾ?"

"ಅಯ್ಯೋ, ಸರ್ಕಾರ್ದೋರು ಬಂದವ್ರೆ ಅಂತ ಎಲ್ರಿಗೂ ಒಂದಿಡಿ ಆಕೋಳು ಅವ್ರಿಗೆ ಎಲ್ಡಿಡಿ ಆಕ್ದೆ ಸಾ."

ಅಕ್ಕ ತಡೆಯಲಾರದೆ ನಕ್ಕಳು. "ನಿನ್ನ ದಾನವೇ ನಿನ್ನ ತಿಂತಲ್ಲೇ ಮಾದಿ."

ಮಾದಮ್ಮ ನಗಲಿಲ್ಲ. "ಇನ್ಮೇಕೆ ಯಾರ್ಗೂ ಆಕಲ್ಲ ಕಣಕ್ಕ" ಎಂದಳು. ಅವಳ ದನಿ ಮೊದಲ ಸಲ ಸಣ್ಣದಾಯಿತು.

ಅಧಿಕಾರಿಯದು ತಪ್ಪಲ್ಲ, ಪೊಟ್ಟಣವನ್ನು ಅರೆಯಬೇಕೆಂಬುದು ಅವರ ನಿಯಮ. ಮಾದಮ್ಮನದೂ ತಪ್ಪಲ್ಲ. ತಪ್ಪು ನಮ್ಮದು. ಆದರೆ ಒಂದು ಪ್ರಶ್ನೆ ಉಳಿದಿತ್ತು: ಎರಡು ಹಿಡಿ ನೆತ್ತಿಲಿ, ಅಷ್ಟು ಸೊರವನ್ನು ಮುಚ್ಚಿಹಾಕಿದ್ದು ಹೇಗೆ? ನಕಲು ಮಾಡುವಾಗ, ಎಲ್ಲಿಂದ ಆರಂಭಿಸಬೇಕೆಂದು ಗುರುತು ತೋರಿಸಲು ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಂಡನ್ನು ಹಾಕುತ್ತೇವೆ. ನಮ್ಮಲ್ಲಿ ಎಲ್ಲ ಮೀನಿಗೂ ಒಂದೇ ಪ್ರೈಮರ್. ಅದು ಮೂಳೆಯ ಮೀನುಗಳಿಗೆ ಚೆನ್ನಾಗಿ ಅಂಟುತ್ತದೆ, ಮೂಳೆಯಿಲ್ಲದ ಶಾರ್ಕಿಗೆ ಅರೆಮನಸ್ಸಿನಿಂದ ಅಂಟುತ್ತದೆ. ಹಾಗಾಗಿ ನೆತ್ತಿಲಿಯ ನಕಲು ಬೆಟ್ಟವಾಗಿ ಬೆಳೆದು ಸೊರದ್ದು ಅಡಿಯಲ್ಲಿ ಹೂತುಹೋಗಿರಬೇಕು. ಇದು ನನ್ನ ಊಹೆ. ಊಹೆಯನ್ನು ಹಿಡಿದುಕೊಂಡು ಯಾರ ಮುಂದೆಯೂ ನಿಲ್ಲಲಾಗದು.

ಮಾದಮ್ಮ ತೂಗಿಕೊಟ್ಟ ಸೊರವನ್ನೂ ನೆತ್ತಿಲಿಯನ್ನೂ ಬೇರೆ ಬೇರೆ ಕಟ್ಟಿಸಿಕೊಂಡು ಕರಾವಳಿಗೆ ಮರಳಿದೆ. ಒಣಮೀನಿನ ವಾಸನೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ದಾರಿಯುದ್ದಕ್ಕೂ ಖಾಲಿಯೇ ಇತ್ತು. ಸೊರವನ್ನು ಅರೆದು, ಅದಕ್ಕೆ ಅವಳದೇ ಕೊಸರಿನ ಅಳತೆಯಲ್ಲಿ ನೆತ್ತಿಲಿ ಬೆರೆಸಿದೆ. ಮೊದಲ ಪುಡಿಗೆ ಒಂದು ಹಿಡಿ, ಎರಡನೆಯದಕ್ಕೆ ಎರಡು ಹಿಡಿ, ಮೂರನೆಯದಕ್ಕೆ ಏನೂ ಇಲ್ಲ. ಪಕ್ಕದಲ್ಲಿ ಖಾಲಿ ನಳಿಕೆಗಳು. ಹಳೆಯ ಪ್ರೈಮರಿನಿಂದಲೇ ಮಾಡಿದೆ. ಮೂರನೆಯದಕ್ಕೆ ಸಾಫ್ಟ್‌ವೇರು ಶಾರ್ಕ್ ಎಂದಿತು. ಮೊದಲನೆಯದಕ್ಕೂ ಎರಡನೆಯದಕ್ಕೂ ಕಣ್ಣು ಮುಚ್ಚಿಕೊಂಡು ನೆತ್ತಿಲಿ ಎಂದಿತು. ಪುಡಿಯ ಬಹುಪಾಲು ಸೊರವೇ ಇರುವಂತೆ ನಾನೇ ಕೈಯಾರೆ ಬೆರೆಸಿದ್ದೆ. ಯಂತ್ರ ಅದನ್ನು ಇಲ್ಲ ಎನ್ನುತ್ತಿತ್ತು. ಆಮೇಲೆ ಇಲಾಖೆ ಕಳಿಸಿದ್ದರಲ್ಲಿ ಉಳಿದಿದ್ದ ಪುಡಿಯನ್ನು ಶಾರ್ಕಿಗೆಂದೇ ಇರುವ ಬೇರೆ ಪ್ರೈಮರಿನಿಂದ ಮಾಡಿದೆ. ಸೊರದ ಸಾಲು ಸ್ವಚ್ಛವಾಗಿ ಎದ್ದುಬಂತು. ಖಾಲಿ ನಳಿಕೆಗಳು ಖಾಲಿಯಾಗಿಯೇ ಇದ್ದವು.

ಒಂದು ಹಿಡಿ ಕೊಸರು, ಎರಡು ಹಿಡಿ ಕೊಸರು ಎಂದು ಮೇಲೆ ಬರೆದು ಗ್ರಾಫುಗಳನ್ನು ವಸುಧಾ ಮೇಡಂ ಮೇಜಿನ ಮೇಲೆ ಹರಡಿದೆ. ಅವರು ಒಂದೊಂದನ್ನೂ ಎತ್ತಿ ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಕೊಸರು ಅಂದರೆ ಎಂತದು ಮಾರಾಯ್ರೆ?"

ಹೇಳಿದೆ.

"ನಮ್ಮ ಫಾರ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ" ಎಂದರು. ಆಮೇಲೆ, "ಈ ಪ್ರಯೋಗ ನಾನು ಮಾಡಬೇಕಿತ್ತು."

ನಿರ್ದೇಶಕರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಸಂಸ್ಥೆಯ ಹೆಸರನ್ನು ಗಾಜಿನ ಪಾತ್ರೆಯಂತೆ ಹಿಡಿದುಕೊಂಡೇ ಓಡಾಡುತ್ತಿದ್ದವರು. ಅವರು ಸಿದ್ಧಪಡಿಸಿದ ತಿದ್ದುಪಡಿ ಪತ್ರದಲ್ಲಿ, ಮಾದರಿ ಮಿಶ್ರವಾಗಿದ್ದುದರಿಂದ ಜಾತಿಯನ್ನು ಖಚಿತವಾಗಿ ಹೇಳಲಾಗದು ಎಂದಿತ್ತು. ಮರುಪರೀಕ್ಷೆಯ ದಾಖಲೆಗೆ ಪ್ರಯೋಗ ಮಾಡಿದವನ ಸಹಿ ಬೇಕಿತ್ತು. ನನ್ನನ್ನು ಕರೆಸಿದರು.

"ಇದರಲ್ಲಿ ಸುಳ್ಳು ಏನಿದೆ ರಂಗಸ್ವಾಮಿ? ಮಾದರಿ ಮಿಶ್ರವಾಗಿತ್ತು. ನೀವೇ ತೋರಿಸಿದ್ದೀರಿ."

"ಸುಳ್ಳಿಲ್ಲ ಸಾರ್. ಆದರೆ ಇದನ್ನು ಓದಿದವರು ಮಾದಮ್ಮ ಬೆರಕೆ ಮಾಡಿದಳು ಅಂತಲೇ ತಿಳೀತಾರೆ. ಅವಳ ಮೇಲಿನ ಒಂದು ಅಪವಾದ ತೆಗೆದು ಇನ್ನೊಂದು ಹೊರಿಸಿದಂತಾಗುತ್ತದೆ."

"ನಮ್ಮ ವರದಿ ತಪ್ಪು ಎಂದು ನಾವೇ ಬರೆದರೆ, ಇಲ್ಲಿಯವರೆಗಿನ ಎಲ್ಲ ವರದಿಗಳನ್ನೂ ಜನ ಪ್ರಶ್ನಿಸುತ್ತಾರೆ."

"ಪ್ರಶ್ನಿಸಲಿ ಸಾರ್. ಗ್ರಾಫುಗಳು ಇವೆಯಲ್ಲ, ತೆರೆದು ನೋಡೋಣ."

"ನಿಮಗೆ ಇನ್ನೆಷ್ಟು ತಿಂಗಳ ಸೇವೆ ಉಳಿದಿದೆ?"

"ಈ ಸಹಿ ಹಾಕದಿರಲು ಸಾಕಾಗುವಷ್ಟು ಇದೆ."

ಇದನ್ನು ಧೈರ್ಯವೆಂದು ಯಾರೂ ಹೊಗಳಬೇಕಾಗಿಲ್ಲ. ನನ್ನ ಅಂಗಾಲು ಬೆವರಿ ಚಪ್ಪಲಿ ಜಾರುತ್ತಿತ್ತು. ನಾಲ್ಕು ದಿನ ಆ ಪತ್ರ ಮೇಜಿನಿಂದ ಮೇಜಿಗೆ ಹೋಯಿತು. ನನ್ನನ್ನು ಮತ್ತೆ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ಅಲ್ಲಿಯ ಕೆಲಸ ನನಗೆ ಮರೆತಿರಲಿಲ್ಲ. ಐದನೆಯ ದಿನ ವಸುಧಾ ಮೇಡಂ ಆ ಕೋಣೆಗೇ ಬಂದು ಹೊಸ ಪತ್ರವನ್ನು ನನ್ನ ಒದ್ದೆ ಕೈಗೆ ಕೊಡಲಾರದೆ ಕಣ್ಣಿನ ಮುಂದೆ ಹಿಡಿದರು. ನಿರ್ದೇಶಕರ ಪತ್ರಕ್ಕೆ ತಾವೂ ಸಹಿ ಹಾಕುವುದಿಲ್ಲವೆಂದು ಹೇಳಿ, ತಾವೇ ಬರೆದು ಒಪ್ಪಿಸಿಕೊಂಡು ಬಂದಿದ್ದರು. ಪುಡಿಯಲ್ಲಿ ಸೊರವಿದೆ, ನೆತ್ತಿಲಿಯ ಅಂಶವು ಆ ಪ್ರದೇಶದ ಸಂತೆಯ ರೂಢಿಯಂತೆ ತೂಕದ ಹೊರತಾಗಿ ಕೊಟ್ಟದ್ದಕ್ಕೆ ಹೊಂದುತ್ತದೆ, ಸೊರವಿಲ್ಲವೆಂದ ನಮ್ಮ ಹಿಂದಿನ ವರದಿ ತಪ್ಪು, ಆ ತಪ್ಪು ನಮ್ಮ ವಿಧಾನದ್ದು, ಮಾರಾಟಗಾರರದಲ್ಲ ಎಂದಿತ್ತು.

"ಓದಿಯಾಯ್ತಾ? ಕೈ ಒರೆಸಿಕೊಂಡು ಸಹಿ ಹಾಕಿ" ಎಂದರು.

ಚೈತ್ರ, ಅಲ್ಲಿ ಈಗ ನಿನಗೆ ಕೊಡುವ ಮಾದರಿಯ ಫಾರ್ಮಿನಲ್ಲಿ, ಎಲ್ಲಿ ಕೊಂಡದ್ದು ಎಂಬುದರ ಕೆಳಗೆ ಹೇಗೆ ಕೊಂಡದ್ದು ಎಂಬ ಕಾಲಮ್ಮಿದೆ. ಸಂಶಯವಿದ್ದ ಮಾದರಿಗೆ ಎರಡು ಬಗೆಯ ಪ್ರೈಮರ್ ಬಳಸಬೇಕು, ಗ್ರಾಫನ್ನು ಒಬ್ಬರಲ್ಲ ಇಬ್ಬರು ಕಣ್ಣಿನಿಂದ ನೋಡಿ ಸಹಿ ಹಾಕಬೇಕು ಎಂಬ ನಿಯಮವಿದೆ. ಬೆರಕೆ ಪುಡಿಯಲ್ಲಿರುವ ಎಲ್ಲ ಮೀನುಗಳನ್ನೂ ಬೇರ್ಪಡಿಸಿ ಓದುವ, ಅಂಗೈಯಗಲದ ಹೊಸ ಯಂತ್ರವೂ ಬಂದಿದೆಯಂತೆ. ಒಳ್ಳೆಯದೇ. ಆದರೆ ಅದು ಬರುವ ಮೊದಲೇ ಈ ನಿಯಮಗಳು ಬಂದಿದ್ದವು, ಅವನ್ನು ತಂದದ್ದು ಯಂತ್ರವಲ್ಲ. ಆ ಅಂಗೈಯಗಲದ್ದು ನಾಳೆ ಹೇಳುವುದನ್ನೂ ನೀನು ಮೊದಲು ಅನುಮಾನದಿಂದಲೇ ನೋಡು. ದೊಡ್ಡವರು ಸಿಟ್ಟಾಗುತ್ತಾರೆ. ಆಗಲಿ.

ಪತ್ರದ ಒಂದು ಪ್ರತಿ ಮಾದಮ್ಮನ ಹೆಸರಿಗೂ ಹೋಯಿತು. ವಿಚಾರಣೆ ಮುಗಿದು, ಸಂತೆಯ ಮುಖ್ಯಸ್ಥರು ಜಾಗ ಬಿಟ್ಟುಕೊಡಲು ಒಪ್ಪಿದ ವಾರವೇ ಅವಳು ನನಗೆ ಅಕ್ಕನ ಫೋನಿನಿಂದ ಕರೆಮಾಡಿದಳು. ಜಾಗ ಕೊಟ್ಟರೆ ಸಾಲದು, ಕಾಗದದಲ್ಲಿ ಏನಿದೆಯೆಂದು ಸಂತೆಯಲ್ಲೇ ಓದಿ ಹೇಳಬೇಕು ಎಂದಳು. ಕಾಗದ ಇಂಗ್ಲಿಷಿನಲ್ಲಿತ್ತು. ಮತ್ತೊಮ್ಮೆ ರಜೆ ಹಾಕಿದೆ.

ಸಂತೆಯ ದಿನ ಹೋದಾಗ ಅವಳು ತನ್ನ ಜಾಗದಲ್ಲಿ ಮಂಕರಿಗಳನ್ನು ಹರಡಿ ಕುಳಿತಿದ್ದಳು. ಎಡಕ್ಕೆ ಬೆಳ್ಳುಳ್ಳಿಯವನು, ಬಲಕ್ಕೆ ಒಣಮೆಣಸಿನಕಾಯಿಯವಳು. ಗಿರಾಕಿಗಳು ದೂರದಿಂದ ನೋಡಿ ಮುಂದೆ ಹೋಗುತ್ತಿದ್ದರು. ನಾನು ನಿಂತುಕೊಂಡು ಕಾಗದದ ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿದೆ. ಮೆಣಸಿನಕಾಯಿಯವಳು ಅದನ್ನು ಆಚೆಯವರಿಗೆ ತಮಿಳಿನಲ್ಲಿ ದಾಟಿಸಿದಳು. ಹತ್ತಾರು ಜನ ಸೇರಿದರು. ತಪ್ಪು ಮಾರಾಟಗಾರರದಲ್ಲ ಎಂಬಲ್ಲಿಗೆ ಬಂದಾಗ ಬೆಳ್ಳುಳ್ಳಿಯವನು, "ಅಂಗಾದ್ರೆ ಯಾರ್ದು ಸಾ?" ಎಂದು ಕೇಳಿದ.

"ನಮ್ಮದು" ಎಂದೆ.

"ದೊಡ್ಡ ದೊಡ್ಡ ಓದು ಓದ್ದೋರ್ದಾ?"

"ಹೌದಪ್ಪ, ಅವರದ್ದೇ."

ಅವನು ಅದನ್ನು ಪಕ್ಕದವನಿಗೆ ಹೇಳಿದ, ಪಕ್ಕದವನು ನಕ್ಕ. ನಾನು ಕಾಗದ ಮಡಿಸುತ್ತಿದ್ದೆ. ಮಾದಮ್ಮ ನನ್ನ ಮುಂಗೈ ಹಿಡಿದಳು. ಅವಳ ಕಣ್ಣು ಜನರ ಹಿಂದೆ, ಸಂತೆಯ ಬಾಗಿಲ ಕಡೆಗೆ ನೆಟ್ಟಿತ್ತು. ಚೀಲ ಹಿಡಿದ ಒಬ್ಬ ರೈತ ಆಗಷ್ಟೇ ಒಳಗೆ ಬರುತ್ತಿದ್ದ.

"ಮಡಿಸ್ಬ್ಯಾಡಿ ಸಾ" ಎಂದಳು. "ದೂರು ಕೊಟ್ನಲ್ಲ, ಆ ಶಿವಮಲ್ಲಪ್ಪ ಈಗ ಬತ್ತಾವ್ನೆ. ಮೊದಲಿಂದ ಇನ್ನೊಂದ್ಸಲ ಓದಿ. ವಸಿ ಜೋರಾಗಿ."

ಓದಿದೆ.